ಬೂಷ್ಟಿನ ಮಾತನ್ನು ತೂಗುವುದು ಹೇಗೆ?

ಕೆಲವು ವರ್ಷಗಳಿಂದ ಶಿಲೀಂಧ್ರಗಳ ಬಗ್ಗೆ ಎರಡು ಥರದ ಸುದ್ದಿ ಬರುತ್ತಿವೆ. ಒಂದು, ‘ಅಣಬೆಗಳು ಮಾತಾಡುತ್ತವೆ’ ಅನ್ನುವುದು. ಇನ್ನೊಂದು ಹಣದ ಸುದ್ದಿ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ‘ಬಯೋಇ3’ ನೀತಿಗೆ ಒಪ್ಪಿಗೆ ಕೊಟ್ಟಿತು. ಔಷಧ, ಕಿಣ್ವ, ಆಹಾರದ ಪದಾರ್ಥಗಳನ್ನು ಜೀವಿಗಳ ಕೈಯಲ್ಲೇ ಮಾಡಿಸುವ ಉದ್ಯಮಕ್ಕೆ ಬಲ ಕೊಡುವುದು ಅದರ ಗುರಿ. ಬಯೋಟೆಕ್ ಅಂದರೆ ಮೊದಲು ನೆನಪಾಗುವ ಊರು ಬೆಂಗಳೂರು. ಹಾಗಾಗಿ ಇಲ್ಲಿ ಈ ಮಾತು ಜೋರಾಗಿಯೇ ಕೇಳಿಬರುತ್ತಿದೆ.

ಈಗ ಎರಡೂ ಸುದ್ದಿ ಒಂದಕ್ಕೊಂದು ಬೆರೆತಿವೆ. ಬೂಷ್ಟಿನ ಭಾಷೆ ಗೊತ್ತಾದರೆ ಸಾಕು, ಅದರ ಕೈಯಲ್ಲಿ ಬೇಕಾದಷ್ಟು ಔಷಧ ಮಾಡಿಸಬಹುದು ಎಂಬ ನಂಬಿಕೆ ಹುಟ್ಟಿದೆ. ಓದುವವರಿಗೆ ಗೊಂದಲ ಆಗುವುದು ಸಹಜ. ಭಾಷೆ ಅಂದರೆ ಯಾವ ಭಾಷೆ? ಅದಕ್ಕೂ ಇಳುವರಿಗೂ ಏನು ಸಂಬಂಧ? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಅದಕ್ಕಿಂತ ಮೊದಲಿನ ಒಂದು ಪ್ರಶ್ನೆ ಕೇಳಬೇಕು. ಆ ‘ಮಾತನ್ನು’ ಯಾರು, ಹೇಗೆ ಅಳೆದರು? ಗೊಂದಲದ ಬಹುಪಾಲು ಇರುವುದು ಅಲ್ಲೇ.

ವಿದ್ಯುತ್ತಿನ ಸುದ್ದಿ ಬೇರೆ, ರಾಸಾಯನಿಕದ ಸುದ್ದಿ ಬೇರೆ

‘ಅಣಬೆಗಳ ಭಾಷೆ’ಯ ಸುದ್ದಿ ದೊಡ್ಡದಾಗಿದ್ದು 2022ರಲ್ಲಿ. ಇಂಗ್ಲೆಂಡಿನ ಯೂನಿವರ್ಸಿಟಿ ಆಫ್ ವೆಸ್ಟ್ ಆಫ್ ಇಂಗ್ಲೆಂಡ್‌ನ ಆಂಡ್ರ್ಯೂ ಆಡಮಾಟ್ಸ್ಕಿ ನಾಲ್ಕು ಬಗೆಯ ಶಿಲೀಂಧ್ರಗಳಿಗೆ ಸಣ್ಣ ಸೂಜಿ ಚುಚ್ಚಿ, ಅವುಗಳಲ್ಲಿ ಏಳುವ ವಿದ್ಯುತ್ ಮಿಡಿತಗಳನ್ನು ದಾಖಲಿಸಿದರು. ಮಿಡಿತಗಳನ್ನು ಗುಂಪು ಮಾಡಿ ನೋಡಿದಾಗ ಸುಮಾರು 50 ‘ಪದ’ಗಳಷ್ಟು ವೈವಿಧ್ಯ ಕಂಡಿತು ಎಂದು ಬರೆದರು. ಪತ್ರಿಕೆಗಳು ‘ಪದ’ವನ್ನು ಪದವೆಂದೇ ಅಚ್ಚುಹಾಕಿದವು. ಇದನ್ನು ಭಾಷೆ ಎನ್ನಲು ಇನ್ನೂ ಬಹಳ ಪುರಾವೆ ಬೇಕು ಎಂದು ಬೇರೆ ವಿಜ್ಞಾನಿಗಳು ಆಗಲೇ ಎಚ್ಚರಿಸಿದ್ದರು.

ಕಾರ್ಖಾನೆಗೆ ಬೇಕಾದ ವಿಷಯ ಇದಲ್ಲ. ಅಲ್ಲಿ ‘ಮಾತು’ ಅಂದರೆ ರಾಸಾಯನಿಕ. ಶಿಲೀಂಧ್ರ ತನ್ನ ಸುತ್ತ ಕೆಲವು ಅಣುಗಳನ್ನು ಬಿಡುತ್ತದೆ. ಅವು ಅಕ್ಕಪಕ್ಕದ, ನೂಲಿನಂಥ ಶಿಲೀಂಧ್ರದ ಎಳೆಗಳಿಗೆ ತಾಗಿದಾಗ ಆ ಎಳೆಗಳ ನಡವಳಿಕೆ ಬದಲಾಗುತ್ತದೆ. ಬೀಜಕ (ಬೂಷ್ಟಿನ ಬೀಜದಂಥ ಕಣ) ಮೊಳೆಯಬೇಕೋ ಬೇಡವೋ, ಎಳೆ ಕವಲೊಡೆಯಬೇಕೋ, ಬಣ್ಣವನ್ನೋ ವಿಷವನ್ನೋ ಔಷಧವನ್ನೋ ತಯಾರಿಸಬೇಕೋ, ಇಂಥ ತೀರ್ಮಾನಗಳ ಹಿಂದೆ ಈ ಅಣುಗಳ ಕೈ ಇರುತ್ತದೆ. ಇವುಗಳನ್ನು ಸಂಕೇತ ಅಣು ಎನ್ನೋಣ.

ಈ ವಿಚಾರ ಮೊದಲು ಬಂದದ್ದು ಬ್ಯಾಕ್ಟೀರಿಯಾಗಳಿಂದ. ಸಮುದ್ರದಲ್ಲಿ ಬೆಳಕು ಬೀರುವ ಒಂದು ಬ್ಯಾಕ್ಟೀರಿಯಾ, ತನ್ನವರು ಸಾಕಷ್ಟು ಜನ ಸೇರುವವರೆಗೂ ಬೆಳಕು ಬಿಡುವುದಿಲ್ಲ ಎಂದು 1970ರಲ್ಲೇ ತಿಳಿದಿತ್ತು. ಗುಂಪು ದೊಡ್ಡದಾದಂತೆ ಅಣು ಶೇಖರವಾಗುತ್ತದೆ. ಒಂದು ಮಟ್ಟ ಮುಟ್ಟಿದೊಡನೆ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಕೋರಂ ಸೆನ್ಸಿಂಗ್ ಎನ್ನುತ್ತಾರೆ. ಸಭೆ ನಡೆಯಲು ಇಷ್ಟು ಸದಸ್ಯರು ಇರಲೇಬೇಕು ಎಂಬ ನಿಯಮ ಇರುತ್ತದಲ್ಲ, ಆ ‘ಕೋರಂ’.

ಶಿಲೀಂಧ್ರಗಳಲ್ಲೂ ಇದೇ ನಡೆಯುತ್ತದೆ ಎಂಬ ಗಟ್ಟಿ ಸುಳಿವು ಸಿಕ್ಕಿದ್ದು 2001ರಲ್ಲಿ. ಕ್ಯಾಂಡಿಡಾ ಎಂಬ ಯೀಸ್ಟ್ ತನ್ನ ಗುಂಪು ದಟ್ಟವಾದಾಗ ಫಾರ್ನೆಸಾಲ್ ಎಂಬ ಅಣುವಿನ ಮೂಲಕ ಎಳೆ ಬೆಳೆಯುವುದನ್ನು ತಡೆಯುತ್ತದೆ ಎಂದು ಅಮೆರಿಕದ ನೆಬ್ರಾಸ್ಕಾದ ಸಂಶೋಧಕರು ತೋರಿಸಿದರು. ಆಮೇಲೆ ಪಟ್ಟಿ ಉದ್ದವಾಗುತ್ತಾ ಹೋಯಿತು. ಬ್ರೆಡ್ಡು, ಬಿಯರ್ ಮಾಡುವ ಯೀಸ್ಟ್ ಬಳಸುವ ಅಣುಗಳಲ್ಲಿ ಒಂದಕ್ಕೆ ಗುಲಾಬಿಯ ಪರಿಮಳ ಇದೆ. ಪೆನಿಸಿಲಿಯಂ ಜಾತಿಯ ಬೂಷ್ಟೊಂದು ಅಣಬೆಯ ವಾಸನೆಗೆ ಕಾರಣವಾದ ಆಕ್ಟೆನಾಲ್ ಅನ್ನು ಬಿಟ್ಟು, ಬೀಜಕಗಳು ಒತ್ತೊತ್ತಾಗಿದ್ದಾಗ ಮೊಳೆಯದಂತೆ ತಡೆಯುತ್ತದೆ. ಬೀಜಕಗಳೆಲ್ಲ ಒಂದೇ ಕಡೆ ಮೊಳೆತರೆ ಊಟ ಯಾರಿಗೂ ಸಾಲದು, ಅಲ್ವಾ?

ಬೆಂಗಳೂರಿಗೆ ಇದು ದೂರದ ವಿಷಯವಲ್ಲ

ಮನೆಯಲ್ಲಿ ಬ್ರೆಡ್ ಮೇಲೆ ಬೂಷ್ಟು ಬಂದರೆ ಬಿಸಾಕುತ್ತೇವೆ. ಆದರೆ ಅದೇ ಕುಲದ ಜೀವಿಗಳು ಈ ಊರಿನ ಉದ್ಯಮಕ್ಕೆ ಅನ್ನ ಕೊಟ್ಟಿವೆ. ಕೊಲೆಸ್ಟರಾಲ್ ಇಳಿಸುವ ಲೋವಾಸ್ಟಾಟಿನ್ ಮಾತ್ರೆಯನ್ನೇ ತೆಗೆದುಕೊಳ್ಳಿ. ಅದು ಆಸ್ಪರ್‌ಜಿಲಸ್ ಟೆರಿಯಸ್ ಎಂಬ ಮಣ್ಣಿನ ಬೂಷ್ಟು ತಯಾರಿಸುವ ಪದಾರ್ಥ. ಅಮೆರಿಕದಲ್ಲಿ 1987ರಲ್ಲಿ ಔಷಧವಾಗಿ ಮಾರುಕಟ್ಟೆಗೆ ಬಂತು. 1978ರಲ್ಲಿ ಬೆಂಗಳೂರಿನಲ್ಲಿ ಕಿಣ್ವ ತಯಾರಿಕೆಯಿಂದ ಶುರುವಾದ ಬಯೋಕಾನ್, 2001ರಲ್ಲಿ ತನ್ನ ಲೋವಾಸ್ಟಾಟಿನ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಪಡೆಯಿತು. ದ್ರವ ತುಂಬಿದ ಟ್ಯಾಂಕಿನ ಬದಲು ಒದ್ದೆ ಘನ ಪದಾರ್ಥದ ಮೇಲೆ ಬೂಷ್ಟು ಬೆಳೆಸುವ ವಿಧಾನವನ್ನು ಆ ಕಂಪನಿ ದೊಡ್ಡ ಮಟ್ಟದಲ್ಲಿ ಬೆಳೆಸಿತು. ಇಂಥ ವಿಧಾನದಲ್ಲಿ ಸಾಮಾನ್ಯವಾಗಿ ಬಳಸುವುದು ಗೋಧಿ ಬೂಸಾ. ನಮ್ಮ ಹಸುಗಳು ತಿನ್ನುವ ಬೂಸಾವೇ.

ಪೆನಿಸಿಲಿನ್ ಕಥೆಯೂ ಇದಕ್ಕೆ ಸೇರುತ್ತದೆ. ಭಾರತ ಒಂದು ಕಾಲದಲ್ಲಿ ಪೆನಿಸಿಲಿನ್ ಜಿ ತಾನೇ ತಯಾರಿಸುತ್ತಿತ್ತು. ಆಮೇಲೆ ಚೀನಾದ ಅಗ್ಗದ ಸರಕಿನ ಎದುರು ನಿಲ್ಲಲಾಗದೆ ಬಿಟ್ಟಿತು. 2020ರಲ್ಲಿ ಕೇಂದ್ರ ಸರ್ಕಾರ 6,940 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ತಂದು, ಇಂಥ ಮೂಲ ಔಷಧಗಳ ತಯಾರಿಕೆಯನ್ನು ಮತ್ತೆ ಇಲ್ಲಿಗೆ ತರಲು ಹೊರಟಿತು. ಪೆನಿಸಿಲಿನ್ ತಯಾರಿಸುವುದೂ ಬೂಷ್ಟೇ. ಅದು ತಾನೇ ಹೊರಬಿಡುವ ಡೈಅಮಿನೋಪ್ರೊಪೇನ್ ಎಂಬ ಪುಟ್ಟ ಅಣು ಪೆನಿಸಿಲಿನ್ ತಯಾರಿಕೆಯನ್ನು ಚುರುಕು ಮಾಡುತ್ತದೆ ಎಂದು ಸ್ಪೇನಿನ ಸಂಶೋಧಕರು ತೋರಿಸಿದ್ದಾರೆ. ಲೋವಾಸ್ಟಾಟಿನ್‌ನಲ್ಲೂ ಹೀಗೇ. ಬೂಷ್ಟೇ ತಯಾರಿಸುವ ಬ್ಯುಟೈರೊಲ್ಯಾಕ್ಟೋನ್ ಎಂಬ ಅಣುವನ್ನು ಮೇಲಿಂದ ಸ್ವಲ್ಪ ಹಾಕಿದಾಗ ಎಳೆಗಳು ಜಾಸ್ತಿ ಕವಲೊಡೆದವು, ಲೋವಾಸ್ಟಾಟಿನ್ ಕೂಡ ಹೆಚ್ಚಿತು ಎಂದು 1998ರಲ್ಲೇ ವರದಿಯಾಗಿತ್ತು.

ಅಂದರೆ ಆಸೆಗೆ ಆಧಾರ ಇದೆ. ಇಪ್ಪತ್ತೈದು ವರ್ಷ ಕಳೆದರೂ ಪ್ರತಿ ಕಾರ್ಖಾನೆಯೂ ಈ ಅಣುಗಳನ್ನು ಯಾಕೆ ಬಳಸುತ್ತಿಲ್ಲ? ಅಳತೆಯ ಕಷ್ಟ ಅರ್ಥವಾದರೆ ಇದಕ್ಕೆ ಅರ್ಧ ಉತ್ತರ ಸಿಕ್ಕಂತೆ.

ಟ್ಯಾಂಕರಿನಲ್ಲಿ ಹತ್ತಿಪ್ಪತ್ತು ಕಾಳು ಸಕ್ಕರೆ

ಮೊದಲ ಕಷ್ಟ ಪ್ರಮಾಣದ್ದು. ಫಾರ್ನೆಸಾಲ್‌ನಂಥವು ಲೀಟರಿಗೆ ಒಂದೆರಡು ಮಿಲಿಗ್ರಾಂ ಮಟ್ಟದಲ್ಲಿ ಕೆಲಸ ಮಾಡುತ್ತವೆ. ಯೀಸ್ಟ್‌ನ ಎರಡು ಬಗೆಯ ಕೋಶಗಳ ಕೂಡುವಿಕೆಗೆ ಕಾರಣವಾಗುವ, 13 ಅಮಿನೋ ಆಮ್ಲಗಳ ಆಲ್ಫಾ ಫ್ಯಾಕ್ಟರ್ ಇನ್ನೂ ಸಾವಿರ ಪಟ್ಟು ಕಮ್ಮಿ ಇದ್ದರೂ ಸಾಕು. ಲೀಟರಿಗೆ ಒಂದು ಮೈಕ್ರೋಗ್ರಾಂ ಅಂದರೆ ಎಷ್ಟು? ಬೇಸಿಗೆಯಲ್ಲಿ ಬಡಾವಣೆಗೆ ಬರುವ 12 ಸಾವಿರ ಲೀಟರ್‌ನ ನೀರಿನ ಟ್ಯಾಂಕರ್ ನೆನಪಿಸಿಕೊಳ್ಳಿ. ಅದಕ್ಕೆ 12 ಮಿಲಿಗ್ರಾಂ ಸಕ್ಕರೆ ಹಾಕಿದರೆ, ಅಂದರೆ ಎಣಿಸಿ ಹತ್ತಿಪ್ಪತ್ತು ಕಾಳು ಹಾಕಿದರೆ, ಈ ಪ್ರಮಾಣ ಬರುತ್ತದೆ. ಆಮೇಲೆ ಒಂದು ಚಮಚ ನೀರು ತೆಗೆದು ‘ಇದರಲ್ಲಿ ಎಷ್ಟು ಸಕ್ಕರೆ ಇದೆ ಹೇಳಿ’ ಅಂದ ಹಾಗೆ.

ಆದರೂ ಈಗಿನ ಯಂತ್ರಗಳಿಗೆ ಇದು ಅಸಾಧ್ಯವಲ್ಲ. ದ್ರವ ಕ್ರೊಮ್ಯಾಟೋಗ್ರಫಿ ಯಂತ್ರ ಮಿಶ್ರಣದಲ್ಲಿರುವ ಪದಾರ್ಥಗಳನ್ನು ಒಂದೊಂದಾಗಿ ಬೇರೆ ಮಾಡುತ್ತದೆ. ಅದಕ್ಕೆ ಜೋಡಿಸಿದ ಮಾಸ್ ಸ್ಪೆಕ್ಟ್ರೋಮೀಟರ್ ಪ್ರತಿ ಅಣುವಿನ ತೂಕ ನೋಡುತ್ತದೆ. ಆಮೇಲೆ ಅದನ್ನು ಒಡೆದು ಚೂರುಗಳ ತೂಕವನ್ನೂ ನೋಡುತ್ತದೆ. ಎರಡೂ ಹೊಂದಿದರೆ ಅದೇ ಅಣು ಎಂದು ಬಹುಮಟ್ಟಿಗೆ ಖಾತರಿ. ಗಾಳಿಗೆ ಹಾರುವ ವಾಸನೆಯ ಅಣುಗಳಿಗೆ ಅನಿಲ ಕ್ರೊಮ್ಯಾಟೋಗ್ರಫಿ ಇದೆ. ಸಣ್ಣ ಕಡ್ಡಿಯಂಥ ಎಳೆಯೊಂದನ್ನು ಬಾಟಲಿಯ ಮೇಲ್ಭಾಗದ ಗಾಳಿಯಲ್ಲಿ ಹಿಡಿದರೆ ವಾಸನೆ ಅದಕ್ಕೆ ಅಂಟಿಕೊಳ್ಳುತ್ತದೆ. ಅದನ್ನೇ ಯಂತ್ರದೊಳಗೆ ಬಿಸಿ ಮಾಡುತ್ತಾರೆ. ಯಂತ್ರಗಳು ಒಳ್ಳೆಯವೇ. ಎಡವಟ್ಟು ಆಗುವುದು ಸ್ಯಾಂಪಲ್ ಯಂತ್ರ ಮುಟ್ಟುವ ಮೊದಲು.

ಈರುಳ್ಳಿ ಹೆಚ್ಚಿದಾಗಲೇ ಕಣ್ಣೀರು

ಇಡೀ ಈರುಳ್ಳಿ ಬುಟ್ಟಿಯಲ್ಲಿದ್ದರೆ ಕಣ್ಣು ಉರಿಯುವುದಿಲ್ಲ. ಚಾಕು ಇಟ್ಟ ಮೇಲೆ ಉರಿಯುತ್ತದೆ. ಕಣ್ಣುರಿಸುವ ಪದಾರ್ಥ ಈರುಳ್ಳಿಯಲ್ಲಿ ಮೊದಲೇ ಇರುವುದಿಲ್ಲ. ಹೆಚ್ಚಿದಾಗ ಕೋಶ ಒಡೆದು, ಬೇರೆಬೇರೆ ಇದ್ದ ಎರಡು ವಸ್ತು ಕೂಡಿದಾಗಲೇ ಅದು ಹುಟ್ಟುತ್ತದೆ. ಅಣಬೆಯ ಆಕ್ಟೆನಾಲ್ ಕೂಡ ಬಹುಪಾಲು ಹಾಗೇ. ಬಟನ್ ಅಣಬೆಯನ್ನು ಹೆಚ್ಚಿದಾಗ ಘಮ್ಮೆಂದು ಬರುವ ವಾಸನೆ, ಕೊಬ್ಬಿನ ಆಮ್ಲವನ್ನು ಕಿಣ್ವಗಳು ಆ ಕ್ಷಣದಲ್ಲಿ ಒಡೆದದ್ದರ ಫಲ.

ಇದರಿಂದ ಲ್ಯಾಬಿಗೆ ಏನಾಗುತ್ತದೆ ನೋಡಿ. ಬೂಷ್ಟಿನೊಳಗೆ ಎಷ್ಟು ಆಕ್ಟೆನಾಲ್ ಇದೆ ಎಂದು ತಿಳಿಯಲು ಬೂಷ್ಟನ್ನು ಅರೆಯಬೇಕು. ಅರೆದರೆ ಆಕ್ಟೆನಾಲ್ ಹುಟ್ಟುತ್ತದೆ. ಯಂತ್ರ ತೋರಿಸುವ ಅಂಕಿ ನಿಖರವಾಗಿಯೇ ಇರುತ್ತದೆ. ಆದರೆ ಅದು ಬೂಷ್ಟು ‘ಆಡಿದ ಮಾತು’ ಅಲ್ಲ, ನಾವು ಅರೆದಾಗ ಹೊರಟ ಕೂಗು. ಶಿಲೀಂಧ್ರಗಳ ಸಂಕೇತಗಳಲ್ಲಿ ದೊಡ್ಡ ಪಾಲು ಇಂಥ ಕೊಬ್ಬಿನ ಆಮ್ಲಗಳಿಂದ ಬರುವ ಆಕ್ಸಿಲಿಪಿನ್‌ಗಳದ್ದು. ಅವುಗಳಲ್ಲಿ ಕೆಲವು ಸುಮ್ನೆ ಗಾಳಿಗೆ ಇಟ್ಟರೂ ಆಮ್ಲಜನಕದ ಜೊತೆ ಸೇರಿ ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಅದಕ್ಕೇ ಅನುಭವಿಗಳು ಸ್ಯಾಂಪಲ್ ತೆಗೆದ ತಕ್ಷಣ ದ್ರವ ಸಾರಜನಕದಲ್ಲಿ ಮುಳುಗಿಸಿ ಕಲ್ಲಿನಂತೆ ಮಾಡುತ್ತಾರೆ. ಆ ಚಳಿಯಲ್ಲೇ ಅರೆಯುತ್ತಾರೆ. ಆಮ್ಲಜನಕ ತಡೆಯುವ ಪದಾರ್ಥವನ್ನು ಮೊದಲೇ ಹಾಕಿರುತ್ತಾರೆ. ಈ ಮೂರು ಹೆಜ್ಜೆಯಲ್ಲಿ ಒಂದು ತಪ್ಪಿದರೂ ಅಂಕಿಯ ಅರ್ಥವೇ ಬದಲಾಗುತ್ತದೆ.

ಕೋಶದ ಒಳಗೇ ಸಂದೇಶ ಸಾಗಿಸುವ ಸಿಎಎಂಪಿ ಎಂಬ ಅಣುವಿನ ವಿಷಯದಲ್ಲಿ ಅವಸರ ಇನ್ನೂ ಹೆಚ್ಚು. ಹಸಿದ ಯೀಸ್ಟ್‌ಗೆ ಸಕ್ಕರೆ ಕೊಟ್ಟರೆ ಒಂದು ನಿಮಿಷದ ಆಚೀಚೆ ಅದರ ಮಟ್ಟ ಏರಿ ಇಳಿಯತೊಡಗುತ್ತದೆ. ಸ್ಯಾಂಪಲ್ ತೆಗೆದು ಮೆಟ್ಟಿಲಿಳಿದು ಲ್ಯಾಬಿಗೆ ಬರುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಹಾಗಾಗಿ ಟ್ಯಾಂಕಿನ ಪಕ್ಕದಲ್ಲೇ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ತಣ್ಣನೆಯ ಮೆಥನಾಲ್‌ಗೆ ಸುರಿಯುವ ಪದ್ಧತಿ ಇದೆ. ಅದರಲ್ಲೂ ಒಂದು ತೊಡಕು. ತಣ್ಣನೆಯ ಮೆಥನಾಲ್ ತಾಗಿದ ಕೋಶಗಳು ಒಳಗಿನದನ್ನು ಸೋರಿಸಿಬಿಡುತ್ತವೆ. ಎಷ್ಟು ಸೋರಿತು ಎಂದು ಬೇರೆಯಾಗಿ ಅಳೆದು ಲೆಕ್ಕಕ್ಕೆ ಸೇರಿಸಬೇಕು.

ಪ್ಲಾಸ್ಟಿಕ್ ನಳಿಕೆಯಲ್ಲಿ ಉಳಿದುಹೋಗುವ ಅಣು

ಇನ್ನೊಂದು ತಪ್ಪು ಬಹಳ ಸಣ್ಣದಾಗಿ ಕಾಣುತ್ತದೆ. ಫಾರ್ನೆಸಾಲ್‌ನಂಥ ಎಣ್ಣೆ ಗುಣದ ಅಣುಗಳಿಗೆ ನೀರಿಗಿಂತ ಪ್ಲಾಸ್ಟಿಕ್ ಇಷ್ಟ. ಎಣ್ಣೆ ಹಾಕಿಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಎಷ್ಟು ತೊಳೆದರೂ ಜಿಡ್ಡು ಹೋಗುವುದಿಲ್ಲ ತಾನೇ? ಅದೇ ಥರ ಸ್ಯಾಂಪಲ್ಲಿನ ಅಣುಗಳು ನಳಿಕೆಯ ಗೋಡೆಗೆ ಅಂಟಿಕೊಂಡು ಕೂರುತ್ತವೆ. ಪ್ಲಾಸ್ಟಿಕ್ ನಳಿಕೆ ಬಳಸಿದ ಲ್ಯಾಬಿಗೆ ಕಮ್ಮಿ ಅಂಕಿ, ಗಾಜು ಬಳಸಿದ ಲ್ಯಾಬಿಗೆ ಜಾಸ್ತಿ ಅಂಕಿ. ಇಬ್ಬರೂ ಒಂದೇ ಬೂಷ್ಟನ್ನು ಅಳೆದಿರುತ್ತಾರೆ. ಆಮೇಲೆ ‘ನಮ್ಮ ತಳಿಯಲ್ಲಿ ಸಂಕೇತ ದುಪ್ಪಟ್ಟು’ ಎಂಬ ವರದಿ ಬಂದರೆ ಆಶ್ಚರ್ಯವಿಲ್ಲ.

ಕಾರ್ಖಾನೆಯಲ್ಲಿ ಬೂಷ್ಟು ಬೆಳೆಸುವ ಬ್ರಾತ್ ಅಂದರೆ ಗಂಜಿಯಂಥ ಮಿಶ್ರಣ. ಮೆಕ್ಕೆಜೋಳ ನೆನೆಸಿದ ನೀರು, ಸೋಯಾ ಹಿಟ್ಟು, ಕಾಕಂಬಿ, ಉಪ್ಪು ಎಲ್ಲ ಅದರಲ್ಲಿ ಇರುತ್ತವೆ. ಈ ಗದ್ದಲದಲ್ಲಿ ಮಾಸ್ ಸ್ಪೆಕ್ಟ್ರೋಮೀಟರಿಗೆ ನಮ್ಮ ಅಣು ಸರಿಯಾಗಿ ಕೇಳಿಸುವುದಿಲ್ಲ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿನ ಹೂವಿನ ಅಂಗಡಿಗಳ ನಡುವೆ ನಿಂತು ಫೋನಿನಲ್ಲಿ ಪಿಸುಮಾತು ಕೇಳಿದಂತೆ. ಶುದ್ಧ ನೀರಿನಲ್ಲಿ ಕರಗಿಸಿ ತಯಾರಿಸಿದ ಅಳತೆಗೋಲು ಇಲ್ಲಿ ಕೈಕೊಡುತ್ತದೆ.

ಇದಕ್ಕೊಂದು ಬಹಳ ಜಾಣ ಪರಿಹಾರ ಇದೆ. ಅಳೆಯಬೇಕಾದ ಅಣುವಿನದೇ ಅವಳಿಯೊಂದನ್ನು ತಯಾರಿಸುತ್ತಾರೆ. ರೂಪ, ಗುಣ ಎಲ್ಲ ಅದೇ. ಕೆಲವು ಹೈಡ್ರೋಜನ್‌ಗಳ ಜಾಗದಲ್ಲಿ ಭಾರದ ಹೈಡ್ರೋಜನ್ ಇರುವುದರಿಂದ ತೂಕ ಮಾತ್ರ ಒಂದಿಷ್ಟು ಹೆಚ್ಚು. ಇದನ್ನು ಗೊತ್ತಾದ ಪ್ರಮಾಣದಲ್ಲಿ ಸ್ಯಾಂಪಲ್ ತೆಗೆದ ಕ್ಷಣದಲ್ಲೇ ಸೇರಿಸಬೇಕು. ದಾರಿಯಲ್ಲಿ ಅರ್ಧ ಅಣು ಗೋಡೆಗೆ ಅಂಟಿದರೆ ಅವಳಿಯೂ ಅರ್ಧ ಅಂಟುತ್ತದೆ. ಗದ್ದಲದಲ್ಲಿ ದನಿ ಕುಗ್ಗಿದರೆ ಅವಳಿಯದೂ ಅಷ್ಟೇ ಕುಗ್ಗುತ್ತದೆ. ಯಂತ್ರ ತೂಕದಿಂದ ಇಬ್ಬರನ್ನೂ ಗುರುತಿಸಿ, ಇವರ ನಡುವಿನ ಅನುಪಾತ ಹೇಳುತ್ತದೆ. ಅನುಪಾತ ಕೆಡುವುದಿಲ್ಲ. ಆದರೆ ಇಂಥ ಅವಳಿಗಳು ಮನುಷ್ಯರ ಹಾರ್ಮೋನು, ಔಷಧಗಳಿಗೆ ಸುಲಭವಾಗಿ ಸಿಗುತ್ತವೆ. ಶಿಲೀಂಧ್ರಗಳಿಗೇ ವಿಶಿಷ್ಟವಾದ ಹಲವು ಅಣುಗಳಿಗೆ ಅವಳಿ ಹಾಗಿರಲಿ, ಶುದ್ಧ ರೂಪವೇ ಅಂಗಡಿಯಲ್ಲಿ ಸಿಗುವುದು ಕಷ್ಟ. ಆಗ ಪ್ರತಿ ಲ್ಯಾಬೂ ತನ್ನದೇ ಅಳತೆಗೋಲು ಮಾಡಿಕೊಳ್ಳುತ್ತದೆ. ಒಬ್ಬರ ಗಜ ಇನ್ನೊಬ್ಬರ ಗಜಕ್ಕೆ ಹೊಂದುವುದಿಲ್ಲ.

ಫ್ಲಾಸ್ಕಿನಲ್ಲಿ ಗೆದ್ದದ್ದು ಟ್ಯಾಂಕಿನಲ್ಲಿ ಸೋಲುವುದೇಕೆ

ಹತ್ತಿಯ ಬಿರಡೆ ಹಾಕಿದ ಫ್ಲಾಸ್ಕಿನಲ್ಲಿ ಬೂಷ್ಟು ಬೆಳೆಯುತ್ತದೆ ಎಂದುಕೊಳ್ಳಿ. ಅದು ಬಿಟ್ಟ ವಾಸನೆಯ ಅಣು ಅಲ್ಲೇ ಸುತ್ತುತ್ತಿರುತ್ತದೆ. ಅದೇ ಬೂಷ್ಟನ್ನು ಸಾವಿರಾರು ಲೀಟರಿನ ಟ್ಯಾಂಕಿಗೆ ಹಾಕಿದಾಗ ಕೆಳಗಿನಿಂದ ಜೋರಾಗಿ ಗಾಳಿ ಊದುತ್ತಾರೆ. ಉಸಿರಾಟಕ್ಕೆ ಅದು ಬೇಕೇ ಬೇಕು. ಆದರೆ ಆ ಗಾಳಿ ಮೇಲಿನ ಪೈಪಿನಿಂದ ಹೊರಗೆ ಹೋಗುವಾಗ ಹಗುರ ಅಣುಗಳನ್ನೂ ಹೊತ್ತೊಯ್ಯುತ್ತದೆ. ಬೂಷ್ಟು ಅಷ್ಟೇ ‘ಮಾತಾಡುತ್ತಿದೆ’, ಕೇಳುವವರಿಗೆ ತಲುಪುತ್ತಿಲ್ಲ. ದ್ರವವನ್ನು ಮಾತ್ರ ಅಳೆದವರು ಸಂಕೇತವೇ ಇಲ್ಲ ಎನ್ನುತ್ತಾರೆ. ಹೊರಹೋಗುವ ಗಾಳಿಯನ್ನೂ ಹಿಡಿದು ನೋಡಿದರೆ ಬೇರೆ ಚಿತ್ರ ಸಿಗಬಹುದು. ಈ ಒಂದು ಅಂಶವನ್ನು ಬಿಟ್ಟು ಇಳುವರಿಯ ಏರಿಳಿತಕ್ಕೆ ಬೇರೆ ನೂರು ಕಾರಣ ಹುಡುಕಬಹುದು.

ಇನ್ನು ಉಂಡೆಗಳ ವಿಷಯ. ಕಲಕುತ್ತಿರುವ ದ್ರವದಲ್ಲಿ ಎಷ್ಟೋ ಬೂಷ್ಟುಗಳು ಬಿಡಿ ಎಳೆಗಳಾಗಿ ಇರುವುದಿಲ್ಲ. ನೆನೆಸಿದ ಸಾಬುದಾನಿಯಂತೆ ಉಂಡೆ ಕಟ್ಟುತ್ತವೆ. ನಿಂಬೆ ಉಪ್ಪು ಎಂದು ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲವನ್ನು ಆಸ್ಪರ್‌ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟಿನಿಂದ ನೂರು ವರ್ಷದಿಂದ ತಯಾರಿಸುತ್ತಿದ್ದಾರೆ. ಅಲ್ಲಿ ಒಳ್ಳೆಯ ಗಟ್ಟಿ ಉಂಡೆ ಕಟ್ಟಿದರೇ ಇಳುವರಿ. ಮೊದಲಿಗೆ ಎಷ್ಟು ಬೀಜಕ ಹಾಕುತ್ತೇವೆ ಎಂಬುದರ ಮೇಲೂ ಉಂಡೆಯ ರೂಪ ನಿಂತಿದೆ. ಒಂದು ಉಂಡೆಯನ್ನು ಬ್ಲೇಡಿನಿಂದ ಸೀಳಿ ನೋಡಿದರೆ ಹೊರಗಿನ ಪದರ ಎಳೆಯದು, ಚುರುಕಾದದ್ದು. ನಡುಭಾಗಕ್ಕೆ ಆಮ್ಲಜನಕ ಸರಿಯಾಗಿ ಇಳಿಯುವುದಿಲ್ಲ. ದೊಡ್ಡ ಉಂಡೆಯಾದರೆ ಒಳಗೆ ಟೊಳ್ಳೂ ಆಗಿರುತ್ತದೆ. ಸಂಕೇತ ಅಣು ಹೊರಗಿನ ದ್ರವದಲ್ಲಿ ತೆಳುವಾಗಿದ್ದರೂ ಉಂಡೆಯೊಳಗೆ ದಟ್ಟವಾಗಿರಬಹುದು. ಬ್ರಾತ್ ಸೋಸಿ ಅಳೆದ ಅಂಕಿ ಊರಿನ ಸರಾಸರಿ ಮಳೆಯಂತೆ. ಯಲಹಂಕದಲ್ಲಿ ಧಾರಾಕಾರ ಸುರಿದು, ಜಯನಗರದಲ್ಲಿ ಒಂದು ಹನಿ ಬೀಳದಿದ್ದರೂ ಸರಾಸರಿ ಬಂದೇ ಬರುತ್ತದೆ.

ಇದು ಮಾತೋ, ಬರೀ ಕಸವೋ?

ವಿಜ್ಞಾನಿಗಳ ನಡುವೆ ನಿಜವಾದ ಜಗಳ ಇರುವುದು ಇಲ್ಲಿ. ಒಂದು ಪಕ್ಷದವರು, ಅಣು ಶೇಖರವಾದಾಗ ನಡವಳಿಕೆ ಬದಲಾಗುತ್ತದೆ, ಆದ್ದರಿಂದ ಇದು ಗುಂಪಿನ ಸಂವಹನ ಎನ್ನುತ್ತಾರೆ. ಇನ್ನೊಂದು ಪಕ್ಷದವರು ಸುಲಭವಾಗಿ ಒಪ್ಪುವುದಿಲ್ಲ. ಎಷ್ಟೋ ಅಣುಗಳು ಜೀರ್ಣಕ್ರಿಯೆಯ ಉಳಿಕೆ ಮಾತ್ರ. ಹೆಚ್ಚಾದಾಗ ಅವು ವಿಷದಂತೆ ಕೆಲಸ ಮಾಡುತ್ತವೆ. ವಿಷಕ್ಕೆ ಹೆದರಿ ಓಡುವುದನ್ನು ಮಾತು ಕೇಳಿ ನಡೆಯುವುದು ಎನ್ನಲಾಗದು. ಫಾರ್ನೆಸಾಲನ್ನೇ ನೋಡಿ. ಕ್ಯಾಂಡಿಡಾಗೆ ಅದು ಸಂಕೇತ, ಆಸ್ಪರ್‌ಜಿಲಸ್ ನಿಡ್ಯುಲನ್ಸ್‌ಗೆ ಅದೇ ಸಾವು. ಮೂರನೆಯದಾಗಿ, 2002ರಲ್ಲಿ ರೋಸ್‌ಮೇರಿ ರೆಡ್‌ಫೀಲ್ಡ್ ಬ್ಯಾಕ್ಟೀರಿಯಾಗಳ ಬಗ್ಗೆ ಎತ್ತಿದ ಪ್ರಶ್ನೆ ಇಲ್ಲೂ ಹೊಂದುತ್ತದೆ. ಜೀವಿ ಅಣು ಬಿಡುವುದು ನೆರೆಯವರನ್ನು ಎಣಿಸಲಿಕ್ಕೋ, ಅಥವಾ ತಾನು ಬಿಟ್ಟದ್ದು ಕೊಚ್ಚಿಹೋಗುತ್ತದೋ ಇಲ್ಲೇ ಉಳಿಯುತ್ತದೋ ಎಂದು ಸುತ್ತಲಿನ ಜಾಗವನ್ನು ಪರೀಕ್ಷಿಸಲಿಕ್ಕೋ?

ಬೂಷ್ಟಿನ ವಿಷಯದಲ್ಲಿ ಇನ್ನೂ ಬುಡದ ಪ್ರಶ್ನೆಯಿದೆ. ಗುಂಪು ದಟ್ಟವಾಯಿತು ಎನ್ನಲು ಎಣಿಸಬೇಕು. ಯೀಸ್ಟ್ ಆದರೆ ಬಿಡಿ ಕೋಶ, ಎಣಿಸಬಹುದು. ಎಳೆಎಳೆಯಾಗಿ ಹೆಣೆದುಕೊಂಡ ಬೂಷ್ಟಿನಲ್ಲಿ ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು? ಇಡೀ ಬಲೆ ಒಂದೇ ಜೀವವಾದರೆ ಅದು ಯಾರ ಜೊತೆ ಮಾತಾಡುತ್ತಿದೆ? ಹಾಗಾಗಿ ಒಣ ತೂಕ ನೋಡುತ್ತಾರೆ. ಇಲ್ಲವೇ ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ಪದಾರ್ಥವನ್ನು ಅಳೆಯುತ್ತಾರೆ. ಬೂಸಾದ ಮೇಲೆ ಬೆಳೆದ ಬೂಷ್ಟನ್ನಂತೂ ಬೂಸಾದಿಂದ ಬಿಡಿಸಿ ತೂಗಲು ಬರುವುದಿಲ್ಲ. ಬೆಂಗಳೂರಿನ ಉದ್ಯಮಕ್ಕೆ ಹತ್ತಿರವಾದ ವಿಧಾನದಲ್ಲೇ ಈ ಕಷ್ಟ ಹೆಚ್ಚು ಎಂಬುದನ್ನು ಗಮನಿಸಬೇಕು.

ಜಗಳ ತೀರಲು ಮುಖ್ಯವಾಗಿ ಬೇಕಾದ ಅಂಕಿ ಎರಡು. ಬೂಷ್ಟು ತಾನಾಗಿ ಎಷ್ಟು ಅಣು ಬಿಡುತ್ತದೆ, ಎಷ್ಟು ಬಿಟ್ಟಾಗ ನಡವಳಿಕೆ ಬದಲಾಗುತ್ತದೆ? ಎರಡೂ ಹೊಂದಬೇಕು. ಬೂಷ್ಟು ಬಿಡುವುದು ಒಂದು ಪಾಲು, ಪ್ರಯೋಗದಲ್ಲಿ ಮೇಲಿಂದ ಸುರಿದದ್ದು ನೂರು ಪಾಲು ಎಂದಾದರೆ, ಪರಿಣಾಮ ಕಂಡರೂ ಅದರಿಂದ ಸಹಜ ಬದುಕಿನ ಬಗ್ಗೆ ಏನೂ ತಿಳಿದಂತಾಗಲಿಲ್ಲ. ಎರಡನೇ ಪಕ್ಷದವರ ಈ ಪಟ್ಟು ನ್ಯಾಯವಾದದ್ದೇ. ನೆಟ್ಟಗೆ ಅಳೆಯದೆ ‘ಸಂಕೇತ’ ಎಂಬ ಪದ ಬಳಸುವುದು ಅವಸರ.

‘ಇಳುವರಿ ಬಂದರೆ ಸಾಕಲ್ಲ?’

ಕಾರ್ಖಾನೆಯವರ ವಾದ ಬೇರೆ. ನಮಗೆ ಬೇಕಾದ್ದು ಔಷಧ. ಅದನ್ನು ಪ್ರತಿ ಬ್ಯಾಚಿನಲ್ಲೂ ಅಳೆಯುತ್ತೇವೆ. ಗಾಳಿ, ಸಕ್ಕರೆ, ಆಮ್ಲೀಯತೆ, ತಾಪಮಾನ ನೋಡಿಕೊಂಡರೆ ಸಾಕು. ಒಳಗೆ ಏನು ಮಾತುಕತೆಯೋ ನಮಗೇಕೆ? ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪೆನಿಸಿಲಿನ್ ಇಳುವರಿ ದಶಕಗಳ ಕಾಲ ಏರಿದ್ದು ತಳಿ ಆಯ್ಕೆಯಿಂದ. ಆ ಕೆಲಸಕ್ಕೆ ಸಂಕೇತ ಅಣುಗಳ ಅಳತೆ ಬೇಕಾಗಿರಲಿಲ್ಲ. ಶುದ್ಧ ಸಂಕೇತ ಅಣುವನ್ನು ಕೊಂಡು ಟ್ಯಾಂಕಿಗೆ ಸುರಿದರೆ ಬರುವ ಲಾಭ ಅದರ ಬೆಲೆಗೇ ಹೋಗಬಹುದು.

ಆದರೆ ಒಂದು ಉದಾಹರಣೆ ಈ ವಾದಕ್ಕೆ ಎದುರು ನಿಲ್ಲುತ್ತದೆ. ಬ್ಲೇಕ್ಸ್‌ಲಿಯಾ ಟ್ರೈಸ್ಪೋರಾ ಎಂಬ ಬೂಷ್ಟಿನಿಂದ ಬೀಟಾ ಕ್ಯಾರೊಟಿನ್ ತಯಾರಿಸುತ್ತಾರೆ. ಗಜ್ಜರಿಯ ಬಣ್ಣ ಅದು, ಆಹಾರಕ್ಕೆ ಬಳಸುತ್ತಾರೆ. ಈ ಬೂಷ್ಟಿನಲ್ಲಿ ‘ಪ್ಲಸ್’, ‘ಮೈನಸ್’ ಎಂಬ ಎರಡು ಬಗೆ. ಒಂದೊಂದನ್ನೇ ಬೆಳೆಸಿದರೆ ಬಣ್ಣ ಕಮ್ಮಿ. ಒಟ್ಟಿಗೆ ಬೆಳೆಸಿದರೆ ಬಹಳ ಜಾಸ್ತಿ. ಕಾರಣ ಟ್ರೈಸ್ಪೋರಿಕ್ ಆಮ್ಲ. ಅದನ್ನು ಒಬ್ಬರೇ ಪೂರ್ತಿ ತಯಾರಿಸಲಾರರು. ಒಬ್ಬರು ಅರ್ಧ ಮಾಡಿ ದಾಟಿಸಬೇಕು, ಇನ್ನೊಬ್ಬರು ಮುಗಿಸಬೇಕು. ಅದು ಸಿದ್ಧವಾದೊಡನೆ ಕ್ಯಾರೊಟಿನ್ ಕೆಲಸ ಜೋರಾಗುತ್ತದೆ. ಇಲ್ಲಿ ಕಾರ್ಖಾನೆ ಸಂಕೇತ ಅಣುವನ್ನು ಕೊಂಡು ಸುರಿಯುತ್ತಿಲ್ಲ. ಎರಡು ಬಗೆಯನ್ನು ಸರಿಯಾದ ಪ್ರಮಾಣದಲ್ಲಿ, ಸರಿಯಾದ ಹೊತ್ತಿಗೆ ಕೂಡಿಸುತ್ತಿದೆ. ಅಳತೆಯಿಂದ ಸಿಗುವ ನಿಜವಾದ ಲಾಭ ಇಂಥದ್ದು. ಎಷ್ಟು ಬೀಜಕ ಹಾಕಬೇಕು, ಬಿತ್ತನೆಯ ಬೂಷ್ಟಿಗೆ ಎಷ್ಟು ಗಂಟೆ ವಯಸ್ಸಾಗಿರಬೇಕು, ಗಾಳಿಯನ್ನು ಯಾವಾಗ ತಗ್ಗಿಸಬೇಕು, ಇವಕ್ಕೆ ಹೆಚ್ಚು ಖರ್ಚಿಲ್ಲ. ಯಾವಾಗ ಎಂದು ತಿಳಿಯಲು ಮಾತ್ರ ಅಂಕಿ ಬೇಕು.

ಔಷಧ ಹೆಚ್ಚಿದಾಗ ಜೊತೆಗೆ ಇನ್ನೇನು ಹೆಚ್ಚಿತು?

ಅಳೆಯದಿದ್ದರೆ ಆಗುವ ಅಪಾಯ ಇಳುವರಿಗಷ್ಟೇ ಅಲ್ಲ. ಕಡಲೆಕಾಯಿಗೆ ತಗಲುವ ಆಸ್ಪರ್‌ಜಿಲಸ್ ಫ್ಲೇವಸ್ ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುತ್ತದೆ. ಬೀಜಕಗಳ ಗುಂಪು ವಿರಳವಾಗಿದ್ದಾಗ ಅದರ ಬದುಕಿನ ದಾರಿ ಒಂದು, ದಟ್ಟವಾಗಿದ್ದಾಗ ಇನ್ನೊಂದು ಎಂದು 2008ರಲ್ಲಿ ತೋರಿಸಿದ್ದಾರೆ. ತಟ್ಟೆಯೊಂದಕ್ಕೆ 10 ಸಾವಿರ ಬೀಜಕ ಇದ್ದಾಗ ವಿಷ ಹೆಚ್ಚು. 1 ಕೋಟಿ ಇದ್ದಾಗ ಕಮ್ಮಿ. ಇದರ ಹಿಂದೆಯೂ ಆಕ್ಸಿಲಿಪಿನ್‌ಗಳ ಕೈ ಇದೆ. ಸೋಯಾ ಸಾಸ್ ಮಾಡುವ ಆಸ್ಪರ್‌ಜಿಲಸ್ ಒರೈಜೆ ಇದೇ ಬೂಷ್ಟಿನ ಹತ್ತಿರದ ಸಂಬಂಧಿ, ಮನುಷ್ಯರು ಪಳಗಿಸಿದ್ದು.

2006ರಲ್ಲಿ ಪ್ರಕಟವಾದ ಇನ್ನೊಂದು ಕೆಲಸ ಈ ಗಂಟನ್ನು ಚೆನ್ನಾಗಿ ಬಿಡಿಸಿ ತೋರಿಸುತ್ತದೆ. ಆಸ್ಪರ್‌ಜಿಲಸ್ ನಿಡ್ಯುಲನ್ಸ್‌ನಲ್ಲಿ ಆಕ್ಸಿಲಿಪಿನ್ ತಯಾರಿಸುವ ಜೀನ್‌ಗಳನ್ನು ತೆಗೆದುಹಾಕಿದಾಗ ಒಂದು ವಿಷ ಇಳಿಯಿತು, ಪೆನಿಸಿಲಿನ್ ಏರಿತು. ಸಂಕೇತದ ಒಂದೇ ತಿರುಪು ವಿಷವನ್ನೂ ಔಷಧವನ್ನೂ ಬೇರೆಬೇರೆ ದಿಕ್ಕಿಗೆ ತಿರುಗಿಸುತ್ತದೆ ಎಂದಾಯಿತು. ಅಲ್ಲಿ ಅದೃಷ್ಟ ಒಳ್ಳೆಯ ಕಡೆಗಿತ್ತು. ಬೇರೆ ಬೂಷ್ಟಿನಲ್ಲಿ ಎರಡೂ ಒಟ್ಟಿಗೆ ಏರಿದರೆ? ಕಪ್ಪು ಬೂಷ್ಟು ನೈಜರ್‌ನ ಕೆಲವು ತಳಿಗಳಿಗೂ ವಿಷ ತಯಾರಿಸುವ ಶಕ್ತಿ ಇದೆ. ಹಾಗಾಗಿ ಸಂಕೇತದ ಜೊತೆ ಆಟವಾಡಿ ಇಳುವರಿ ಹೆಚ್ಚಿಸಿದೆವು ಎನ್ನುವವರು ವಿಷದ ಅಂಕಿಯನ್ನೂ ಪಕ್ಕದಲ್ಲೇ ಇಡಬೇಕು.

ರೈತರಿಗೂ ಇದರ ಬಿಸಿ ತಟ್ಟುತ್ತದೆ. ಬೆಳೆಯ ರೋಗ ತಡೆಯಲು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಗೊತ್ತಲ್ಲ? ಅದರ ಪೊಟ್ಟಣದ ಗುಣಮಟ್ಟವನ್ನು ಅಳೆಯುವುದು ಬದುಕಿರುವ ಕಣಗಳ ಸಂಖ್ಯೆಯಿಂದ. ಗ್ರಾಂಗೆ ಕನಿಷ್ಠ 20 ಲಕ್ಷ ಇರಬೇಕು. ಒಳ್ಳೆಯ ಟ್ರೈಕೋಡರ್ಮಾ ತಳಿಯೊಂದು ಬೆಳೆದ ತಟ್ಟೆಯ ಮುಚ್ಚಳ ತೆಗೆದರೆ ತೆಂಗಿನಕಾಯಿಯ ಪರಿಮಳ ಬರುತ್ತದೆ. ಅದು ಪೆಂಟೈಲ್ ಪೈರೋನ್ ಎಂಬ ಅಣುವಿನದು. ರೋಗ ತರುವ ಶಿಲೀಂಧ್ರವನ್ನು ತಡೆಯುವುದರಲ್ಲಿ, ಗಿಡದ ಬೇರಿಗೆ ಎಚ್ಚರಿಕೆ ಕೊಡುವುದರಲ್ಲಿ ಅದಕ್ಕೆ ಪಾತ್ರವಿದೆ. ಕೆಲವು ತಳಿ ಅದನ್ನು ಧಾರಾಳವಾಗಿ ಬಿಡುತ್ತವೆ, ಕೆಲವು ಬಿಡುವುದೇ ಇಲ್ಲ. ಕಣ ಎಣಿಸಿದರೆ ಎರಡೂ ಪಾಸು. ಹೊಲದಲ್ಲಿ ಒಂದು ಕೆಲಸ ಮಾಡಿ ಇನ್ನೊಂದು ಮಾಡದಿದ್ದರೆ ರೈತ ದೂರುವುದು ಟ್ರೈಕೋಡರ್ಮಾವನ್ನೇ.

ಪೀಣ್ಯದಿಂದ ಹೊರಟ ಡಬ್ಬಿ

ಮಾಸ್ ಸ್ಪೆಕ್ಟ್ರೋಮೀಟರ್‌ನ ಬೆಲೆ ಕೋಟಿಗಳಲ್ಲಿ. ಸಣ್ಣ ಕಂಪನಿಗೆ ಅದು ಕೈಗೆಟುಕದು. ಬೆಂಗಳೂರಿನ ಅನುಕೂಲವೆಂದರೆ ಹಂಚಿಕೊಂಡು ಬಳಸುವ ವ್ಯವಸ್ಥೆ ಇಲ್ಲಿ ಆಗಲೇ ಇದೆ. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ಸಿ-ಕ್ಯಾಂಪ್ ಎಂಬ ಸಂಶೋಧನಾ ಕೇಂದ್ರ ಹೊರಗಿನವರಿಗೂ ಹಣ ಪಡೆದು ಇಂಥ ಅಳತೆ ಮಾಡಿಕೊಡುತ್ತದೆ. ಹೊಸ ನೀತಿಗಳ ಹಣದಲ್ಲಿ ಟ್ಯಾಂಕುಗಳಿಗೆ ಮೀಸಲಿಟ್ಟದ್ದರ ಒಂದು ಸಣ್ಣ ಪಾಲು ಮೂರು ಕೆಲಸಕ್ಕೆ ಹೋಗಬೇಕು. ಶಿಲೀಂಧ್ರ ಅಣುಗಳ ಶುದ್ಧ ಮಾದರಿ ಮತ್ತು ಅವಳಿಗಳನ್ನು ಇಲ್ಲೇ ತಯಾರಿಸಿ ಎಲ್ಲ ಲ್ಯಾಬಿಗೂ ಒಂದೇ ಗಜ ಕೊಡಬೇಕು. ಸ್ಯಾಂಪಲ್ ತೆಗೆಯುವ ಕ್ರಮವನ್ನು ಬರೆದು ಎಲ್ಲರಿಗೂ ಹಂಚಬೇಕು. ಅದನ್ನು ಮಾಡುವ ಕೈಗಳಿಗೆ ತರಬೇತಿ ಕೊಡಬೇಕು. ಟ್ಯಾಂಕ್ ಉದ್ಘಾಟನೆಗೆ ರಿಬ್ಬನ್ ಕಟ್ಟಬಹುದು, ಸ್ಯಾಂಪಲ್ ತೆಗೆಯುವ ಕ್ರಮಕ್ಕೆ ಕಟ್ಟಲಾಗದು. ಹಾಗಾಗಿಯೇ ಇದು ಹಿಂದೆ ಬೀಳುತ್ತದೆ.

ಈ ಮಾತು ಎಷ್ಟು ಸಣ್ಣ ಸಂಗತಿಗೆ ಬಂದು ನಿಲ್ಲುತ್ತದೆ ಎಂದು ತಿಳಿಯಲು ಪೀಣ್ಯದ ಒಂದು ಶೆಡ್ಡಿನಿಂದ ಬಳ್ಳಾರಿ ರಸ್ತೆಯ ಲ್ಯಾಬಿಗೆ ಹೊರಡುವ ಡಬ್ಬಿಯನ್ನು ಕಲ್ಪಿಸಿಕೊಳ್ಳಿ. ಗೊರಗುಂಟೆಪಾಳ್ಯದ ಸಿಗ್ನಲ್ಲು, ಹೆಬ್ಬಾಳದ ಫ್ಲೈಓವರು ದಾಟಲು ಒಂದೂವರೆ ಗಂಟೆ ಹಿಡಿಯಬಹುದು. ಡಬ್ಬಿಯಲ್ಲಿ ಬರೀ ಐಸ್ ಇದ್ದರೆ ಬೂಷ್ಟು ಇನ್ನೂ ಜೀವಂತವಿರುತ್ತದೆ. ದಾರಿಯುದ್ದಕ್ಕೂ ಹಳೆಯ ಅಣು ಒಡೆಯುತ್ತಾ, ಹೊಸದನ್ನು ಬಿಡುತ್ತಾ ಬರುತ್ತದೆ. ಡ್ರೈ ಐಸ್ ಇದ್ದು, ಟ್ಯಾಂಕಿನ ಪಕ್ಕದಲ್ಲೇ ಸ್ಯಾಂಪಲ್ ಸೋಸಿ, ಅವಳಿ ಅಣು ಸೇರಿಸಿ, ಗಾಜಿನ ಸೀಸೆಯಲ್ಲಿ ತುಂಬಿ ಹೆಪ್ಪುಗಟ್ಟಿಸಿದ್ದರೆ ಟ್ರಾಫಿಕ್ ಎಷ್ಟಿದ್ದರೂ ಚಿಂತೆಯಿಲ್ಲ. ಅಂಥ ಸೀಸೆ ಒಂದಲ್ಲ, ಮೂರು ತುಂಬಬೇಕು. ಎರಡು ಡಬ್ಬಿಯಲ್ಲಿ ಹೋಗಲಿ. ಮೂರನೆಯದು, ದಿನಾಂಕ, ಗಂಟೆ, ನಿಮಿಷ ಬರೆದ ಚೀಟಿಯೊಂದಿಗೆ ಶೆಡ್ಡಿನ ಫ್ರೀಜರಿನಲ್ಲೇ ಇರಲಿ. ಲ್ಯಾಬಿನಿಂದ ಬಂದ ಅಂಕಿಯನ್ನು ಯಾರಾದರೂ ಒಪ್ಪದಿದ್ದರೆ ತೆಗೆದು ತೋರಿಸಲು ಅದೊಂದೇ ಉಳಿದಿರುತ್ತದೆ.